ಹನ್ನೊಂದು ಹೊಗೆಕೊಳವೆಗಳ ಕಳವು

ಬೆಳ್ಳಪ್ಪನ ಮನೆಯ ಹಿತ್ತಿಲ ಗೋಡೆಯಲ್ಲಿ ಒಲೆಯ ಹೊಗೆಕೊಳವೆ ಇರಲಿಲ್ಲ. ಸುಬ್ಬರಾಯ ಪಕ್ಕದ ಮನೆಗೆ ಓಡಿದ. ಅಲ್ಲೂ ಇಲ್ಲ. ಹನ್ನೊಂದು ಮನೆಗಳ ಹಿಂಬದಿಯನ್ನೂ ಸುತ್ತಿ ಬಂದ—ಒಂದೂ ಇಲ್ಲ.

ನಿಟ್ಟೂರಿನ ಹತ್ತಿರದ ಈ ಕೇರಿಗೆ ಹೊಗೆಯಿಲ್ಲದ ಒಲೆಗಳನ್ನು ಕೊಟ್ಟದ್ದು ಪರದೇಶದ ಒಂದು ಸಂಘ. ಎರಡು ವರ್ಷವಾಯಿತು, ೧೯೬೪ರಲ್ಲಿ. ಅವುಗಳಿಂದ ಏನು ಉಪಕಾರವಾಯಿತೆಂದು ವಿಚಾರಿಸಲು ಇವತ್ತು ಮಧ್ಯಾಹ್ನ ಸಾಗರದಿಂದ ಸಂಘದವರ ಜೀಪು ಬರುವುದಿತ್ತು. ಅವರು ಕೇಳಬೇಕಾದ ಹನ್ನೆರಡು ಪ್ರಶ್ನೆಗಳನ್ನು ಆರಿಸಿಕೊಟ್ಟವನು ಗ್ರಾಮಸೇವಕನಾದ ಇವನೇ.

ದೂರು ಕೊಟ್ಟ ಒಂದು ಗಂಟೆಯಲ್ಲೇ ಕೊಳವೆಗಳು ಬೆಳ್ಳಪ್ಪನ ಕೊಟ್ಟಿಗೆಯ ಹಿಂದೆ ಸಿಕ್ಕಿದವು. ಪೊಲೀಸ್ ದಫೇದಾರ ಅವನನ್ನು ಅವನ ಮನೆಯ ಜಗಲಿಯಲ್ಲೇ ಕೂರಿಸಿ, ಜೀಪು ಬಂದುಹೋದ ಮೇಲೆ ಠಾಣೆಗೆ ಒಯ್ಯುವುದಾಗಿ ಹೇಳಿದ.

ಹೊಸನಗರದ ಬಸ್ಸಿನಲ್ಲಿ ಬಂದಿಳಿದ ಮುಖ್ಯಸೇವಿಕೆ ಜಲಜಮ್ಮನಿಗೆ ಇದು ಸರಿಕಾಣಲಿಲ್ಲ. ಆಕೆ ಸುಬ್ಬರಾಯನ ಮೇಲಿನವರು, ಮಾತಿನಲ್ಲಿ ಮುಲಾಜಿಲ್ಲದ ಹೆಂಗಸು.

"ನೀನೇ ಕದ್ದಿದ್ದಾ, ಬೆಳ್ಳಪ್ಪ?"

"ಇಲ್ಲ ಅಮ್ಮಾರೆ."

"ಮತ್ತೆ ಯಾರು?"

ಬೆಳ್ಳಪ್ಪ ಬಾಗಿಲ ಸಂದಿಯಲ್ಲಿ ನಿಂತ ಹೆಂಡತಿ ಮಾಸ್ತಮ್ಮನನ್ನು ನೋಡಿದ. ತಲೆ ತಗ್ಗಿಸಿದ.

ಜಲಜಮ್ಮ ಸುಬ್ಬರಾಯನ ಕಡೆ ತಿರುಗಿದರು. "ಮನೆಯವರಲ್ಲಿ ದೂರು ಹೇಳಿದ್ದು ಯಾರು?"

"ಯಾರೂ ಇಲ್ಲ. ನಾನೇ ಕೊಟ್ಟೆ."

"ಹನ್ನೊಂದು ಮನೇಲಿ ಕಳವು. ಒಬ್ಬ ಹೆಂಗಸೂ ಬೊಬ್ಬೆ ಹಾಕ್ಲಿಲ್ಲ?"

ಅವರು ಸೀದಾ ಅಡುಗೆಮನೆಗೆ ನಡೆದರು. ಸುಬ್ಬರಾಯ ಹೊಸ್ತಿಲಲ್ಲೇ ನಿಂತ. "ಒಳಗೆ ಬನ್ನಿ," ಎಂದು ಅವರು ಕೂಗಿದ ಮೇಲೆ ಹೋದ. ಎರಡು ವರ್ಷದಲ್ಲಿ ಅವನು ಆ ಅಡುಗೆಮನೆಯನ್ನು ಕಂಡದ್ದು ಅದೇ ಎರಡನೆಯ ಸಲ.

"ಕೊಳವೆ ಇದ್ದ ಕಂಡಿ ಎಲ್ಲಿ?"

"ಅಗೋ, ಮಣ್ಣು ಮೆತ್ತಿದಾರಲ್ಲ."

"ಮುಟ್ಟಿ ನೋಡಿ."

ಮುಟ್ಟಿದ. ಬೆರಳು ಕಪ್ಪಾಯಿತು. ಅವನಿಗೆ ಒಮ್ಮೆಲೇ ಎಲ್ಲ ಹೊಳೆಯಿತು, ಹೊಳೆಯದಿದ್ದರೆ ಚೆನ್ನಾಗಿತ್ತು ಎನಿಸಿತು.

"ನಿನ್ನೆ ಕಿತ್ತಿದ್ರೆ ಈ ಮಣ್ಣು ಹಸಿ ಇರ್ಬೇಕಿತ್ತು," ಎಂದರು ಜಲಜಮ್ಮ. "ಇದರ ಮೇಲೆ ಎಷ್ಟೋ ತಿಂಗಳಿನ ಮಸಿ ಕೂತಿದೆ. ಕೊಳವೆ ಕಿತ್ತಿದ್ದು ಮಳೆಗಾಲದಲ್ಲೇ. ಅಲ್ವೇನೇ ಮಾಸ್ತಮ್ಮ?"

ಮಾಸ್ತಮ್ಮ ಸೆರಗು ಹಿಡಿದುಕೊಂಡಳು. "ನಾವು ಹೆಂಗಸ್ರೇ ಕಿತ್ತಿದ್ದು. ಹೊಗೆ ಅಟ್ಟಕ್ಕೆ ಹತ್ತದಿದ್ರೆ ಬೀಜದ ಭತ್ತ ಬೂಷ್ಟು ಹಿಡೀತದೆ. ಸೌತೆ ಬೀಜಕ್ಕೆ ಹುಳ ಬೀಳ್ತದೆ. ಹೇಳಿದ್ರೆ ಬೈತಾರೆ ಅಂತ ಬಚ್ಚಿಟ್ವಿ. ಬೂಷ್ಟಿನ ವಿಷ್ಯ ಈ ಗ್ರಾಮಸೇವಕರಿಗೆ ಗೊತ್ತಿತ್ತು, ಆಷಾಢದಲ್ಲಿ ಒಳಗೆ ಕರೆದು ಬೂಷ್ಟು ಹಿಡಿದ ಭತ್ತ ತೋರ್ಸಿದ್ದೆ."

ಜಲಜಮ್ಮ ಸುಬ್ಬರಾಯನ ಕಂಕುಳಲ್ಲಿದ್ದ ಕಡತಕ್ಕೆ ಕೈಚಾಚಿದರು. ಪ್ರಶ್ನೆಗಳ ಕರಡನ್ನು ಓದಿದರು. ಒಲೆ ಎಷ್ಟು? ಸೌದೆ ಉಳಿಯಿತೆ? ಕಣ್ಣುರಿ ಕಡಿಮೆಯಾಯಿತೆ? ಹನ್ನೆರಡೂ ಅಂಥವೇ. ಅವುಗಳ ಕೆಳಗೆ ಒಂದು ಸಾಲನ್ನು ಶಾಯಿಯಿಂದ ಬಲವಾಗಿ ಹೊಡೆದುಹಾಕಲಾಗಿತ್ತು. ಅವರು ಹಾಳೆಯನ್ನು ಬೆಳಕಿಗೆ ಹಿಡಿದರು.

"'ಹೊಗೆ ಹೋದದ್ದರಿಂದ ನಷ್ಟವೇನಾದರೂ ಆಯಿತೆ?' ಇದನ್ನು ಯಾಕೆ ಹೊಡೆದಿರಿ?"

ಸುಬ್ಬರಾಯ ಮಸಿಯಾದ ಬೆರಳನ್ನು ಒರೆಸಿಕೊಳ್ಳುತ್ತಿದ್ದ; ಜಲಜಮ್ಮ ಕಡತದ ಹಿಂದಿನ ಹಾಳೆಗಳನ್ನು ತಿರುವಿದರು.

"ಪ್ರತಿ ತಿಂಗಳೂ 'ಒಲೆ ನೋಡಲಾಗಿದೆ' ಅಂತ ಬರೆದಿದ್ದೀರಿ. ನೋಡಿದ್ದು ಎಲ್ಲಿಂದ?"

"ಜಗಲಿಯಿಂದ," ಎಂದ. "ಆ ಪ್ರಶ್ನೆ ಇದ್ರೆ ವರದಿ ಕೆಡ್ತಿತ್ತು. ನನಗೆ ಬಡ್ತಿ ಸಿಗೋದಿತ್ತು, ಅಮ್ಮ."

"ಹಾಗಾದ್ರೆ ಕಳ್ಳ ಸಿಕ್ಕಿದ. ಕೊಳವೆ ಯಾರೂ ಕದ್ದಿಲ್ಲ, ಸುಬ್ಬರಾಯರೆ. ಕದ್ದಿದ್ದು ಪ್ರಶ್ನೆ, ಕದ್ದೋರು ನೀವು. ಅದನ್ನು ಕೇಳಿದ್ರೆ ಇವಳು ಹೇಳ್ತಿದ್ಲು, ಇವಳ ಗಂಡ ಪೊಲೀಸಿನೋರ ಎದುರು ಕೂರ್ತಿರ್ಲಿಲ್ಲ."

ಹೊರಗೆ ಜೀಪಿನ ಸದ್ದಾಯಿತು. ಹೇಳದೆ ಬಿಡಬಹುದು ಎಂದು ಒಂದು ಕ್ಷಣ ಅವನ ಮನಸ್ಸಿಗೆ ಬಂತು, ಬಂದದ್ದಕ್ಕೇ ನಾಚಿದ. ಜಗಲಿಗೆ ಹೋಗಿ ದಫೇದಾರನಿಗೂ, ಇಳಿದು ಬಂದ ಸಂಘದವರಿಗೂ, ನೆರೆದ ಕೇರಿಗೂ ಕೇಳುವಂತೆ ಎಲ್ಲವನ್ನೂ ಒಪ್ಪಿಕೊಂಡ. ಜೀಪಿನಲ್ಲಿ ಬಂದಿದ್ದ ಅವನ ಸಾಹೇಬರ ಮುಖ ಕೆಂಪಾಯಿತು.

ಬೆಳ್ಳಪ್ಪ ಎದ್ದು ಪಂಚೆಯ ಧೂಳು ಕೊಡವಿಕೊಂಡ. ಅವನು ಉಗಿದಿದ್ದರೂ ಸುಬ್ಬರಾಯ ಸಹಿಸುತ್ತಿದ್ದ. ಆದರೆ ಬೆಳ್ಳಪ್ಪ ಹತ್ತಿರ ಬಂದು, ಸಾಹೇಬರಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ ಕೇಳಿದ:

"ಇದ್ರಿಂದ ನಿಮ್ಮ ಕೆಲಸಕ್ಕೆ ಏನೂ ತೊಂದ್ರೆ ಆಗಾದಿಲ್ಲ ಅಲ್ರಾ, ಅಯ್ಯಾ?"