ಹದಿನೈದನೆಯ ಮನೆ

ಶನಿವಾರ ಬೆಳಿಗ್ಗೆ 10.20. ಠಾಣೆಯ ಮೆಟ್ಟಿಲ ಮುಂದೆ ಸುಣ್ಣದಲ್ಲಿ ಎಳೆದಿದ್ದ ವೃತ್ತದೊಳಗೆ ನಿಂತು ದರ್ಜಿ ಹೆಂಗಸೊಬ್ಬರು ದೂರು ಹೇಳತೊಡಗಿದರು. ಸೋಂಕಿನ ನಿರ್ಬಂಧ ಜಾರಿಗೆ ಬಂದು ಅಂದಿಗೆ ನಲವತ್ತೊಂದು ದಿನ.

"ನಮ್ಮಪ್ಪ ನಿನ್ನೆ ತೀರ್ಕೊಂಡ್ರು. ಸೋಂಕಿನಿಂದ ಅಲ್ಲ. ನಿಮ್ಮಿಂದ."

ಇನ್‌ಸ್ಪೆಕ್ಟರ್ ಪೆನ್ನು ಕೆಳಗಿಟ್ಟರು. "ಒಳಗೆ ಬಂದು ಕೂತ್ಕೊಳ್ಳಮ್ಮ. ಮೊದಲಿಂದ ಹೇಳಿ."

ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಮಂಗಳವಾರ, ಶುಕ್ರವಾರ ಡಯಾಲಿಸಿಸ್ ತಪ್ಪುವಂತಿರಲಿಲ್ಲ. ಸೋಮವಾರ ಹತ್ತೂವರೆಗೆ ಪೊಲೀಸ್ ಜೀಪು ಬಂತು. ಜೊತೆಗಿದ್ದ ಕೂಲಿಯವರು ಬಾಗಿಲಿಗೆ ಅಡ್ಡ ತಗಡು ಹೊಡೆದು, 'ಸೋಂಕಿತರ ಮನೆ' ಎಂಬ ಚೀಟಿ ಅಂಟಿಸಿದರು. ಮನೆಯಲ್ಲಿ ಯಾರಿಗೂ ಪರೀಕ್ಷೆಯೇ ಆಗಿರಲಿಲ್ಲ. ಮಂಗಳವಾರ ಬಂದ ಆಂಬುಲೆನ್ಸನ್ನು ಬೀದಿಯ ತುದಿಯಲ್ಲೇ ತಿರುಗಿಸಿ ಕಳಿಸಲಾಯಿತು. ಗುರುವಾರ ಬೆಳಿಗ್ಗೆ 11.40ಕ್ಕೆ ಎದುರುಮನೆ ಬಡಗಿ ಮೊಳೆ ಕಿತ್ತ. ಅಪ್ಪನನ್ನು ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಹೊತ್ತು ಮೀರಿತ್ತು.

"ಜೀಪಲ್ಲಿ ಯಾರಿದ್ರು?"

"ಎಲ್ಲರಿಗೂ ಮಾಸ್ಕು. ಖಾಕಿ ಅನ್ನೋದೊಂದೇ ಗೊತ್ತು. ಠಾಣೆಗೆ ಫೋನ್ ಮಾಡಿದ್ರೆ, ನಿಮ್ಮನೆ ಸೋಂಕಿತರ ಪಟ್ಟೀಲಿದೆ, ಸುಮ್ನಿರಿ ಅಂದ್ರು."

"ಈಗ ಏನಾಗ್ಬೇಕು ನಿಮಗೆ?"

"ನಮ್ಮನೆ ಹೆಸರು ಆ ಪಟ್ಟೀಲಿ ಬರೆದವರು ಯಾರು, ಅದು ಗೊತ್ತಾಗ್ಬೇಕು. ಅಪ್ಪನ್ನ ಹೊರೋಕೂ ಜನ ಹೆದರಿದ್ರು. ಬಡಗಿ ಅಣ್ಣ ಒಬ್ಬನೇ ಹೆಗಲು ಕೊಟ್ಟ."

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗ ಖಾಲಿ ಉಳಿಯಿತು.

ಮಧ್ಯಾಹ್ನ 12.30ಕ್ಕೆ ಇಬ್ಬರು ಪಂಚರ ಸಮ್ಮುಖದಲ್ಲಿ ಮನೆಯ ಪಂಚನಾಮೆ ನಡೆಯಿತು. ಬಾಗಿಲ ಚೌಕಟ್ಟಿನಲ್ಲಿ ಇಪ್ಪತ್ತೆರಡು ಮೊಳೆಯ ತೂತುಗಳಿದ್ದವು. ಚೀಟಿಯನ್ನು ಜಪ್ತಿ ಮಾಡಲಾಯಿತು. ಅದರಲ್ಲಿ ಠಾಣೆಯ ಮೊಹರಿತ್ತು, ಆರೋಗ್ಯ ಕಚೇರಿಯದಿರಲಿಲ್ಲ. ಆರೋಗ್ಯ ಕಚೇರಿಯ ಗುಮಾಸ್ತ ಫೋನಿನಲ್ಲೇ ಪಟ್ಟಿ ಓದಿದ. "ಹದಿನಾಲ್ಕು ಮನೆ ಮೇಡಂ. ಆ ಬೀದೀಲಿ ಒಂದೂ ಇಲ್ಲ."

"ಬೇಲಿನೇ ಎದ್ದು ಹೊಲ ಮೇಯ್ದ್ರೆ ಅಂತಾರಲ್ಲ ಮೇಡಂ..." ಎಂದು ಉದ್ದಣ್ಣ ಎಂದೇ ಎಲ್ಲರೂ ಕರೆಯುವ ಕಾನ್‌ಸ್ಟೇಬಲ್ ಶುರು ಮಾಡಿದ.

"ಗಾದೆ ಆಮೇಲೆ. ಗಸ್ತು ಪುಸ್ತಕ ತಗೊಂಡ್ಬಾ."

ತಗಡು ಹೊಡೆದ ಮನೆಗೊಂದು ಪುಸ್ತಕ. ನಾಲ್ಕು ಗಂಟೆಗೊಮ್ಮೆ ಹೋಗಿ, ಒಳಗಿನವರನ್ನು ಕೂಗಿ ವಿಚಾರಿಸಿ, ಹೊತ್ತು ಬರೆದು ಸಹಿ ಹಾಕಬೇಕು. ಪುಸ್ತಕ ಆಯಾ ಮನೆಯ ಬಾಗಿಲಲ್ಲಿ ನೇತಾಡಬೇಕೆಂಬುದು ನಿಯಮ. ಇದ್ದದ್ದು ಮಾತ್ರ ಠಾಣೆಯ ಕಪಾಟಿನಲ್ಲಿ. ಉದ್ದಣ್ಣ ತಂದು ಎಣಿಸಿದ. ಹದಿನೈದು.

"ಇದೆಲ್ಲ ಇಲ್ಲೇ ಯಾಕಿದೆ?"

ಉದ್ದಣ್ಣ ನೆಲ ನೋಡಿದ. "ಪಾಳಿಗೆ ಬಂದ ತಕ್ಷಣ ಇಡೀ ಪಾಳೀದು ಸಹಿ ಹಾಕಿ ಬಿಡ್ತೀವಿ ಮೇಡಂ. ಎಲ್ಲರೂ."

ಹದಿನೈದನೆಯದು ದರ್ಜಿಯ ಮನೆಯದು. ಅದರ ಗುರುವಾರದ ಪುಟದಲ್ಲಿ ಮಧ್ಯಾಹ್ನ ಎರಡು ಗಂಟೆಯ ಸಾಲು ಹೀಗಿತ್ತು: 'ತಗಡು ಭದ್ರ. ಒಳಗಿರುವವರು ಕ್ಷೇಮ.' ಆ ಹೊತ್ತಿಗೆ ಬಾಗಿಲಲ್ಲಿ ತಗಡಿರಲಿಲ್ಲ, ಮುದುಕ ಆಸ್ಪತ್ರೆಯಲ್ಲಿದ್ದರು. ಪುಟದ ಕೊನೆಯಲ್ಲಿ ಹಸಿರು ಶಾಯಿ: 'ಪರಿಶೀಲಿಸಿದೆ.' ಅದು ಇನ್‌ಸ್ಪೆಕ್ಟರರ ಸಹಿಯೇ.

ಆಮೇಲೆ ಉಳಿದ ಹದಿನಾಲ್ಕು ಪುಸ್ತಕಗಳನ್ನು ಮೇಜಿನ ಮೇಲೆ ಬಿಡಿಸಿಟ್ಟರು. ಅವುಗಳಲ್ಲಿ ಪಾಳಿ ಬದಲಾದಂತೆ ಸಹಿಯೂ ಬದಲಾಗಿತ್ತು. ಹದಿನೈದನೆಯದರಲ್ಲಿ ಹಗಲು, ರಾತ್ರಿ ಎಲ್ಲಕ್ಕೂ ಒಂದೇ ಕೈ.

3.10ಕ್ಕೆ ಆಂಬುಲೆನ್ಸ್ ಚಾಲಕ ಹೇಳಿಕೆ ಕೊಟ್ಟ. "ಬೀದಿ ತುದೀಲಿ ಒಬ್ರು ಪೊಲೀಸ್ನೋರು ಮಾಸ್ಕು ಗಲ್ಲಕ್ಕಿಳಿಸಿ ಟೀ ಕುಡೀತಿದ್ರು. ರೋಗಿ ಇದಾರೆ ಸಾರ್ ಅಂದೆ. ಪಟ್ಟೀಲಿರೋ ಮನೆ, ಗಾಡಿ ತಿರುಗಿಸು ಅಂದ್ರು." ಸಿಬ್ಬಂದಿಯ ಹದಿನೆಂಟು ಫೋಟೊಗಳಲ್ಲಿ ಒಂದರ ಮೇಲೆ ಬೆರಳಿಟ್ಟ.

4.15ಕ್ಕೆ ಆ ಫೋಟೊದಲ್ಲಿದ್ದ ದಫೇದಾರನನ್ನು ಕರೆಸಲಾಯಿತು. ಇಪ್ಪತ್ತಾರು ವರ್ಷ ಸೇವೆ, ಒಂದೂ ಕಪ್ಪು ಚುಕ್ಕೆಯಿಲ್ಲ.

"ಈ ಸಹಿ ಯಾರದ್ದು?"

"ನಂದೇ ಮೇಡಂ."

"ಸೋಮವಾರದಿಂದ ಗುರುವಾರದವರೆಗೆ, ಮೂರೂ ಪಾಳಿ?"

"ಸಿಬ್ಬಂದಿ ಕಮ್ಮಿ ಇತ್ತು."

"ನಿದ್ದೆ ಯಾವಾಗ ಮಾಡಿದ್ರಿ?"

ದಫೇದಾರ ಪುಸ್ತಕ ಮುಚ್ಚಿದ. ಇನ್‌ಸ್ಪೆಕ್ಟರ್ ಅದನ್ನು ಮತ್ತೆ ತೆರೆದರು.

"ಬೇರೆಯವರು ಹೋದ್ರೆ ಆ ಮನೆಯವರ ಕೂಗು ಕೇಳಿಸಿಬಿಡುತ್ತೆ ಅಂತ ಪುಸ್ತಕ ನಿಮ್ಮ ಹತ್ರಾನೇ ಇಟ್ಕೊಂಡ್ರಿ. ಆರೋಗ್ಯ ಕಚೇರಿ ಪಟ್ಟೀಲಿ ಹದಿನಾಲ್ಕೇ ಮನೆ. ಇದೊಂದನ್ನ ಸೇರಿಸಿದ್ದು ಯಾರು?"

ದಫೇದಾರ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

"ಹನ್ನೆರಡು ದಿನದ ಹಿಂದೆ ಆ ಬೀದೀಲಿ ತರಕಾರಿ ಮಾರೋ ಮುದುಕನ ಹತ್ರ ಬಸ್ಕಿ ಹೊಡೆಸ್ತಿದ್ದೆ. ಆ ಹೆಂಗಸು ಕಿಟಕಿಯಿಂದ ಕೂಗಿದ್ಲು. 'ಲೆಕ್ಕ ತಪ್ತು ಕಣಣ್ಣ, ಅವರ ಜೊತೆ ನೀನೂ ಹೊಡಿ, ಹೊಟ್ಟೆ ಕರಗುತ್ತೆ' ಅಂತ. ಬೀದಿಯೆಲ್ಲ ನಕ್ಕಿತು ಮೇಡಂ."

"ಅದಕ್ಕೇ?"

"ನಾಲ್ಕು ದಿನ ಒಳಗೆ ಕೂತ್ರೆ ಬಾಯಿ ಸರಿಹೋಗುತ್ತೆ ಅಂದ್ಕೊಂಡೆ. ಅಪ್ಪಂಗೆ ಕಾಯಿಲೆ ಅಂತ ಗೊತ್ತಿರ್ಲಿಲ್ಲ."

"ಮಂಗಳವಾರ ಆಂಬುಲೆನ್ಸ್ ಬಂತಲ್ಲ. ಆಗ ಗೊತ್ತಾಯ್ತಲ್ಲ?"

"ಆಗ ತಗಡು ತೆಗೆಸಿದ್ರೆ ಇನ್ನೊಂದ್ಸಲ ನಗ್ತಿದ್ರು."

5.40ಕ್ಕೆ ಬಂಧನವಾಯಿತು. ದಫೇದಾರನ ಬೆಲ್ಟು ಬಿಚ್ಚಿಸಿಕೊಂಡದ್ದು ಉದ್ದಣ್ಣ. ಉದ್ದಣ್ಣನ ಸಹಿಯೂ ಉಳಿದ ಹದಿನಾಲ್ಕು ಪುಸ್ತಕಗಳಲ್ಲಿತ್ತು.

ಆರು ಗಂಟೆಗೆ ದರ್ಜಿ ಮತ್ತೆ ಬಂದು ಅದೇ ವೃತ್ತದಲ್ಲಿ ನಿಂತರು. ಆ ಮನೆಯಲ್ಲಿ ಸೋಂಕು ಇರಲಿಲ್ಲ, ಹೆಸರು ಸೇರಿಸಿದ್ದು ಈ ಠಾಣೆಯ ದಫೇದಾರ ಎಂಬ ಪತ್ರವನ್ನು ಮೊಹರು ಸಮೇತ ಕೊಡಲಾಯಿತು.

"ಇದನ್ನ ಬಾಗಿಲಿಗೆ ಅಂಟಿಸ್ಬಹುದಾ?"

"ಅಂಟಿಸಮ್ಮ. ಆ ಚೀಟಿ ಇದ್ದ ಜಾಗದಲ್ಲೇ."

ಮೇಲಧಿಕಾರಿಗೆ ಕಳಿಸಬೇಕಾದ ವರದಿಯಲ್ಲಿ, ಪ್ರೇರಣೆ ಎಂಬಲ್ಲಿ ಇನ್‌ಸ್ಪೆಕ್ಟರ್ ಬರೆದರು: 'ಇಪ್ಪತ್ತಾರು ವರ್ಷ ಯಾರೂ ಗಮನಿಸದ ಈತನಿಗೆ ಬೀದಿ ಹೆದರತೊಡಗಿ ಕೇವಲ ಕೆಲವು ವಾರಗಳಾಗಿದ್ದವು. ಒಬ್ಬರು ನಗಿಸಿದ್ದರಿಂದ ಆ ಹೆದರಿಕೆ ಕಳೆದುಹೋಗಬಹುದೆಂದು ಅಂಜಿದ.' ಅದರ ಕೆಳಗೆ ಇನ್ನೊಂದು ಸಾಲು: 'ನಾಲ್ಕೂ ಪುಟಗಳಲ್ಲಿ ಪರಿಶೀಲಿಸಿದೆ ಎಂಬ ಸಹಿ ನನ್ನದು. ನಾನು ಪರಿಶೀಲಿಸಿರಲಿಲ್ಲ. ಮುಂದಿನ ತನಿಖೆಯನ್ನು ಬೇರೆಯವರಿಗೆ ವಹಿಸಲು ಕೋರುತ್ತೇನೆ.'

ಸಹಿ ಹಾಕುವ ಮೊದಲು ವರದಿಯನ್ನು ಮೊದಲ ಸಾಲಿನಿಂದ ಪೂರ್ತಿ ಓದಿದರು.