ಯತಿನ್ ಮಾವನ ಹಳದಿ ಕಣ್ಣು

“ಲೋಟ ಕೊಡು ಕ್ಷಮಾ. ಹಟ ಮಾಡ್ಲಿಕ್ಕೆ ಇದು ಹೊತ್ತಲ್ಲ.”

ಅಜ್ಜಿ ಕೈ ಚಾಚಿ ನಿಂತಿದ್ದರು. ಕ್ಷಮಾ ಲೋಟವನ್ನು ಬೆನ್ನ ಹಿಂದೆ ಹಿಡಿದು ಗೋಡೆಗೆ ಒತ್ತಿಕೊಂಡಳು. ಲೋಟದಲ್ಲಿದ್ದದ್ದು ನೆಲನೆಲ್ಲಿ ಅರೆದು ಮಜ್ಜಿಗೆಗೆ ಕಲಸಿದ ಹಸಿರು ಮದ್ದು. ಕಾಮಾಲೆಗೆ ಈ ಪರಮೇಶ್ವರಿ ಅಜ್ಜಿ ಕೊಡುವ ಮದ್ದೆಂದರೆ ಮುಳ್ಳೇರಿಯದ ಸುತ್ತಮುತ್ತ ಎಲ್ಲರಿಗೂ ಗೊತ್ತು. ಕುಡಿದ ಮೇಲೆ ಕಟ್ಟುನಿಟ್ಟಿನ ಪಥ್ಯ. ಮೂರು ದಿನ ಉಪ್ಪಿಲ್ಲ, ಎಣ್ಣೆಯಿಲ್ಲ, ಇಂಗ್ಲಿಷ್ ಮದ್ದನ್ನಂತೂ ಮುಟ್ಟುವಂತೆಯೇ ಇಲ್ಲ.

ಆ ಮೂರು ದಿನ ನೆನೆದೇ ಕ್ಷಮಾಳಿಗೆ ಹೆದರಿಕೆ.

ಮಂಚದಲ್ಲಿ ಮಲಗಿದ್ದವರು ಯತಿನ್ ಮಾವ, ಅಮ್ಮನ ತಮ್ಮ. ಗೇರುಬೀಜದ ಕಂಪೆನಿಯೊಂದು ಅವರನ್ನು ಆಫ್ರಿಕಾದ ಘಾನಾಕ್ಕೆ ಕಳಿಸಿತ್ತು. ಅಲ್ಲಿಯ ರೈತರು ತರುವ ಗೇರುಬೀಜದ ಗೋಣಿಗಳನ್ನು ತೂಗಿ ಕೊಳ್ಳುವುದು ಅವರ ಕೆಲಸ. ಊರಿಗೆ ಬಂದು ಎರಡು ವಾರವಾಗಿತ್ತಷ್ಟೆ. ಬಂದಲ್ಲಿಂದ ಮನೆಯಲ್ಲಿ ನಗುವೋ ನಗು. ಕ್ಷಮಾಳಿಗಂತೂ ಮಾವನೆಂದರೆ ಪ್ರಾಣ.

ಆಮೇಲೆ ಜ್ವರ ಹಿಡಿಯಿತು. “ಅಲ್ಲಿ ಇದು ಎಲ್ಲರಿಗೂ ಬರ್ತದೆ ಮಾರಾಯ್ತಿ. ನಮ್ಮ ಶೀತ ಇದ್ದ ಹಾಗೆ,” ಎಂದು ಮಾವ ಹಲ್ಲು ಕಟಕಟಿಸುತ್ತಲೇ ನಕ್ಕಿದ್ದರು. ನಿನ್ನೆ ಮೂತ್ರ, ಹಾಲು ಹಾಕದ ಕಟ್ಟನ್ ಚಾಯದ ಬಣ್ಣಕ್ಕೆ ತಿರುಗಿತು. ಇವತ್ತು ಬೆಳಿಗ್ಗೆ ಕಣ್ಣು ಅರಸಿನದಷ್ಟು ಹಳದಿ. ಅಜ್ಜಿ ರೆಪ್ಪೆ ಎತ್ತಿ ನೋಡಿದವರೇ, “ಕಾಮಾಲೆ,” ಎಂದು ಸೊಪ್ಪು ಕೀಳಲು ಹಿತ್ತಿಲಿಗೆ ನಡೆದಿದ್ದರು.

ಅಮ್ಮ ಮನೆಯಲ್ಲಿರಲಿಲ್ಲ. ಶನಿವಾರದ ಟೀಚರುಗಳ ಟ್ರೈನಿಂಗ್ ಎಂದು ಕಾಸರಗೋಡಿಗೆ ಹೋಗಿದ್ದರು. ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

“ಅಜ್ಜಿ, ಇದು ಮಲೇರಿಯ ಇರ್ಬಹುದು. ಆಸ್ಪತ್ರೆಗೆ ಹೋಗುವ,” ಎಂದಳು ಕ್ಷಮಾ.

“ನಿನಗೆ ಎಂತ ಗೊತ್ತುಂಟು? ನಿನ್ನ ಅಮ್ಮನಿಗೆ ಕಾಮಾಲೆ ಆದಾಗ ಗುಣ ಆದದ್ದು ಇದೇ ಮದ್ದಲ್ಲಿ.”

ಅದು ಸುಳ್ಳೇನೂ ಅಲ್ಲ. ಕ್ಷಮಾ ತಲೆ ತಗ್ಗಿಸಿದಳು. ಲೋಟ ಮಾತ್ರ ಕೊಡಲಿಲ್ಲ.

ಕಳೆದ ತಿಂಗಳು ಹೆಲ್ತ್ ಇನ್ಸ್‌ಪೆಕ್ಟರ್ ಸರ್ ಮಲೇರಿಯದ ಬಗ್ಗೆ ಹೇಳಲು ಶಾಲೆಗೆ ಬಂದಿದ್ದರು. “ಜ್ವರದವರಿಗೆ ಎದ್ದು ಕೂರ್ಲಿಕ್ಕೆ ಆಗದಿದ್ರೆ, ಮಾತು ಅಡ್ಡಾದಿಡ್ಡಿ ಆದ್ರೆ, ಕಣ್ಣು ಹಳದಿ ಆದ್ರೆ, ಫಿಟ್ಸ್ ಬಂದ್ರೆ, ನಾಳೆ ನೋಡುವ ಅಂತ ಹೇಳ್ಬೇಡಿ. ಆಗಲೇ ಹೊರಡಿ. ಹೊರದೇಶದಿಂದ ಬಂದವರಾದ್ರೆ ಡಾಕ್ಟರಿಗೆ ಮೊದಲು ಅದನ್ನೇ ಹೇಳಿ,” ಎಂದಿದ್ದರು. ಆಗ ಹಿಂದಿನ ಬೆಂಚಿನ ಅಶ್ವಿತ್ ಫಿಟ್ಸ್ ಬಂದವನಂತೆ ಕೈಕಾಲು ಬಡಿದು ತೋರಿಸಿದ್ದ. ಎಲ್ಲರೂ ನಕ್ಕಿದ್ದರು. ಕ್ಷಮಾಳೂ ನಕ್ಕಿದ್ದಳು.

ಮಂಚದಿಂದ ಗೊಣಗಾಟ ಕೇಳಿಸಿತು. “ಲಾರಿ ಬಂತು... ಗೋಣಿ ಒದ್ದೆ ಆಗ್ತದೆ...” ಮಾವ ಏಳಲು ನೋಡಿದರು. ಮೊಣಕೈ ಊರಿದ್ದೇ ಜಾರಿತು. ಮೈ ಹಾಗೆಯೇ ಹಾಸಿಗೆಗೆ ಬಿತ್ತು.

“ಜ್ವರದ ಕನವರಿಕೆ. ಜ್ವರ ಇಳಿದ್ರೆ ಸರಿಯಾಗ್ತದೆ,” ಎಂದರು ಅಜ್ಜಿ. ಆದರೆ ಅವರ ದನಿ ಮೊದಲಿನಷ್ಟು ಗಟ್ಟಿಯಾಗಿರಲಿಲ್ಲ.

“ಕನವರಿಕೆ ನಿದ್ದೆಯಲ್ಲಿ ಅಲ್ವಾ ಅಜ್ಜಿ? ಮಾವ ಕಣ್ಣು ಬಿಟ್ಕೊಂಡೇ ಇದ್ದಾರೆ.” ಕ್ಷಮಾಳಿಗೆ ಅಳು ಬರುತ್ತಿತ್ತು. ನುಂಗಿಕೊಂಡು ಹೇಳಿದಳು, “ನೀವು ಯಾರು ಅಂತ ಮಾವನ ಹತ್ರ ಕೇಳಿ. ಸರಿಯಾಗಿ ಹೇಳಿದ್ರೆ ಲೋಟ ನಾನೇ ಕೊಡ್ತೇನೆ.”

ಇದೆಂಥ ಪರೀಕ್ಷೆ ಎಂಬಂತೆ ಅಜ್ಜಿ ಮೊಮ್ಮಗಳನ್ನು ದುರುಗುಟ್ಟಿ ನೋಡಿದರು. ಆಮೇಲೆ ಮಂಚದ ಅಂಚಿನಲ್ಲಿ ಕುಳಿತು ಮಗನ ಹಣೆಯ ಮೇಲೆ ಕೈಯಿಟ್ಟರು.

“ಮಗಾ ಯತಿನ್, ನಾನು ಯಾರು ಹೇಳು ನೋಡುವ.”

ಮಾವ ಅವರ ಮುಖವನ್ನೇ ತುಂಬಾ ಹೊತ್ತು ನೋಡಿದರು. ಕೊನೆಗೆ ಬಹಳ ಮರ್ಯಾದೆಯಿಂದ, “ಮೇಡಂ, ನಿಮ್ಮ ಗೋಣಿ ಇನ್ನೂ ತೂಕ ಆಗ್ಲಿಲ್ಲ. ನಾಳೆ ಬನ್ನಿ,” ಎಂದರು.

ಬೇರೆ ದಿನವಾಗಿದ್ದರೆ ಕ್ಷಮಾ ಬಿದ್ದು ಬಿದ್ದು ನಗುತ್ತಿದ್ದಳು. ಈಗ ಅವಳು ಅಜ್ಜಿಯ ಮುಖ ನೋಡಿದಳು. ಹೆತ್ತ ತಾಯಿಯ ಗುರುತೇ ಮಾವನಿಗೆ ಸಿಗಲಿಲ್ಲವಲ್ಲ. ಅಜ್ಜಿಯ ಕೈ ಹಣೆಯ ಮೇಲೆ ಇಟ್ಟಲ್ಲೇ ಇತ್ತು.

“ಆಟೋಗೆ ಫೋನ್ ಮಾಡು,” ಎಂದರು ಅಜ್ಜಿ, ಕೇಳಿಸಿತೋ ಇಲ್ಲವೋ ಎಂಬಷ್ಟು ಮೆಲ್ಲಗೆ.

ಕ್ಷಮಾ ಮದ್ದಿನ ಲೋಟವನ್ನು ಕಿಟಕಿಯಲ್ಲಿಟ್ಟು ಫೋನಿಗೆ ಓಡಿದಳು. ಆಟೋದ ಸುಜನಣ್ಣ ತಡಮಾಡದೆ ಬಂದರು. ಮಾವನನ್ನು ಎತ್ತಿಯೇ ಕೂರಿಸಬೇಕಾಯಿತು. ದಾರಿಯುದ್ದಕ್ಕೂ ಅವರ ತಲೆ ಅಜ್ಜಿಯ ಹೆಗಲ ಮೇಲೆ ಅತ್ತಿತ್ತ ಹೊರಳುತ್ತಿತ್ತು.

ಸರಕಾರಿ ಆಸ್ಪತ್ರೆಯಲ್ಲಿ ಟೋಕನಿಗೆ ಬಾಗಿಲವರೆಗೆ ಕ್ಯೂ. ಕ್ಷಮಾ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುವವಳಲ್ಲ. ಅಂಥವಳು ಕ್ಯೂವಿನ ಪಕ್ಕದಿಂದ ನುಗ್ಗಿ ಸೀದಾ ಸಿಸ್ಟರ್ ಇದ್ದ ಮೇಜಿನ ಮುಂದೆ ನಿಂತಳು.

“ಏಯ್ ಹುಡುಗಿ, ಲೈನಲ್ಲಿ ಬಾ,” ಎಂದರು ಯಾರೋ. ಅವಳು ತಿರುಗಿ ನೋಡಲಿಲ್ಲ.

“ಸಿಸ್ಟರ್, ನಮ್ಮ ಮಾವ ಆಫ್ರಿಕಾದಿಂದ ಬಂದು ಎರಡು ವಾರ ಆಯ್ತು. ಚಳಿಜ್ವರ ಉಂಟು. ಕಣ್ಣು ಹಳದಿ ಆಗಿದೆ. ಎದ್ದು ಕೂರ್ಲಿಕ್ಕೆ ಆಗುದಿಲ್ಲ. ಅವರ ಅಮ್ಮನ ಗುರ್ತವೇ ಸಿಗುದಿಲ್ಲ.”

ಸಿಸ್ಟರ್ ಬರೆಯುತ್ತಿದ್ದದ್ದನ್ನು ಅಲ್ಲಿಗೇ ಬಿಟ್ಟು ಎದ್ದರು. ಸ್ಟ್ರೆಚರ್ ಬಂತು. ಮಾವನ ಬೆರಳು ಚುಚ್ಚಿ ರಕ್ತ ತೆಗೆದರು. ಸ್ವಲ್ಪ ಹೊತ್ತಿನಲ್ಲಿ ಡಾಕ್ಟರ್ ಹೊರಗೆ ಬಂದರು.

“ಮಲೇರಿಯವೇ. ಮೆದುಳಿಗೂ ತಾಗಿದ ಹಾಗೆ ಕಾಣ್ತದೆ. ಕಣ್ಣು ಹಳದಿ ಆದದ್ದೂ ಇದರಿಂದಲೇ. ಈಗ ಇಂಜೆಕ್ಷನ್ ಕೊಡ್ತೇವೆ, ಕೂಡಲೇ ಆಂಬುಲೆನ್ಸಲ್ಲಿ ಮಂಗಳೂರಿಗೆ ಹೋಗ್ಬೇಕು. ಮನೆಯಲ್ಲಿ ಎಂತಾದ್ರೂ ಕುಡಿಸಿದ್ದೀರಾ?”

“ಇಲ್ಲ,” ಎಂದರು ಅಜ್ಜಿ. “ಇವಳು ಬಿಡ್ಲಿಲ್ಲ.”

ಬೈದರೋ ಹೊಗಳಿದರೋ ಕ್ಷಮಾಳಿಗೆ ತಿಳಿಯಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಮಾವನನ್ನು ಐಸಿಯುಗೆ ಹಾಕಿದರು. ಕೊನೆಗೂ ಫೋನಿಗೆ ಸಿಕ್ಕಿದ ಅಮ್ಮ ಕಾಸರಗೋಡಿನಿಂದ ನೇರ ಅಲ್ಲಿಗೇ ಬಂದರು. ಭಾನುವಾರ ಕಳೆಯಿತು. ಹೊರಗಿನ ಬೆಂಚಿನಲ್ಲಿ ಅಜ್ಜಿ ಊಟವಿಲ್ಲದೆ, ಮಾತಿಲ್ಲದೆ ಕುಳಿತೇ ಇದ್ದರು. ತನ್ನ ಮೇಲೆ ಸಿಟ್ಟೋ ಏನೋ ಎಂದು ಕ್ಷಮಾ ಸ್ವಲ್ಪ ದೂರದಲ್ಲೇ ಕುಳಿತಳು.

ಸೋಮವಾರ ಬೆಳಿಗ್ಗೆ ಐಸಿಯುವಿನ ಬಾಗಿಲು ತೆರೆಯಿತು. “ಯತಿನ್ ಅವರ ಕಡೆಯವರು ಯಾರು? ಮಾತಾಡ್ತಿದ್ದಾರೆ. ಒಬ್ಬರು ಮಾತ್ರ ಬನ್ನಿ,” ಎಂದರು ಅಲ್ಲಿಯ ಸಿಸ್ಟರ್.

ಅಮ್ಮ ಕ್ಷಮಾಳ ಬೆನ್ನು ತಟ್ಟಿದರು. “ಇವಳು ಬರ್ಬಹುದಾ ಸಿಸ್ಟರ್? ಸರಿ ಹೊತ್ತಿಗೆ ಆಸ್ಪತ್ರೆಗೆ ತಲುಪಿಸಿದ್ದೇ ಇವಳು.”

“ಒಂದು ನಿಮಿಷಕ್ಕೆ ಬರ್ಲಿ.”

ಕ್ಷಮಾ ಆಗಲೇ ಚಪ್ಪಲಿ ಕಳಚಿ ಬಾಗಿಲ ಹತ್ತಿರ ಹೋಗಿಯಾಗಿತ್ತು. ಒಮ್ಮೆ ತಿರುಗಿ ನೋಡಿದಳು. ಅಜ್ಜಿ ಎದ್ದಿರಲಿಲ್ಲ. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದರು.

ಅಜ್ಜಿಗೆ ಸಿಟ್ಟು ಬಂದದ್ದಲ್ಲ. ಮಗ ಇನ್ನೊಮ್ಮೆ ಮೇಡಂ ಎಂದುಬಿಟ್ಟರೆ ಎಂಬ ಹೆದರಿಕೆ ಅದು. ಶನಿವಾರದಿಂದ ಅದೊಂದನ್ನೇ ಹೊತ್ತು ಕುಳಿತಿದ್ದಾರೆ. ಕ್ಷಮಾ ವಾಪಸು ಬಂದಳು.

“ಅಜ್ಜಿ, ನೀವು ಹೋಗಿ.”

“ಬೇಡ. ನೀನೇ ಹೋಗು. ಅವನಿಗೆ ನನ್ನ...”

ಕ್ಷಮಾ ಒಪ್ಪಲಿಲ್ಲ. ಕೈ ಹಿಡಿದು ಎಬ್ಬಿಸಿದಳು. ಬಾಗಿಲವರೆಗೆ ಕರೆದುಕೊಂಡು ಹೋಗಿ ಒಳಗೆ ಬಿಟ್ಟಳು.

ಬಾಗಿಲು ನಿಧಾನವಾಗಿ ಮುಚ್ಚಿಕೊಳ್ಳುತ್ತಿತ್ತು. ಸಂದಿಯಿಂದ ಮಾವನ ಒಣಗಿದ ದನಿ ಕೇಳಿಸಿತು.

“ಅಮ್ಮಾ, ಮುಖ ಎಂತ ಇಷ್ಟು ಬಾಡಿದೆ? ಊಟ ಮಾಡ್ಲಿಲ್ವಾ ನೀವು?”

ಕ್ಷಮಾ ಬೆಂಚಿಗೆ ಬಂದು ಅಮ್ಮನಿಗೆ ಒರಗಿ ಕುಳಿತಳು. ಒಂದು ನಿಮಿಷ ಮುಗಿದು ಎಷ್ಟೋ ಹೊತ್ತಾಗಿತ್ತು. ಅಜ್ಜಿ ಇನ್ನೂ ಹೊರಗೆ ಬಂದಿರಲಿಲ್ಲ. ಕ್ಷಮಾಳಿಗೂ ಅವಸರವಿರಲಿಲ್ಲ.