ಅವಳ ಪಾಲಿನ ಷಟಲ್

“ಆ ಷಟಲ್ ಯಾರದ್ದಾಗಿತ್ತು?”

ಸೋತ ಆಟದ ಬೆವರು ಇನ್ನೂ ಆರಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಗಳ ನಡುವಿನ ಓಣಿಯಲ್ಲಿ ಗುಬ್ಬಿ ದಾರಿಗಡ್ಡವಾಗಿ ನಿಂತಿದ್ದಳು. ಕ್ಲಬ್ಬಿನಲ್ಲಿ ಅವಳಿಗೆ ಗುಬ್ಬಿ ಎಂದೂ ಅವಳು ತಡೆದು ನಿಲ್ಲಿಸಿದ್ದ ಜೊತೆಯಾಟಗಾರನಿಗೆ ಬಿದಿರು ಎಂದೂ ಹೆಸರು. ಬ್ಯಾಡ್ಮಿಂಟನ್ನಿನ ಮಿಕ್ಸೆಡ್ ಡಬಲ್ಸ್‌ಗೆ ಇಬ್ಬರೂ ಜೋಡಿಯಾದ ದಿನ ಯಾರೋ ತಮಾಷೆಗೆ ಇಟ್ಟದ್ದು, ಹಾಗೆಯೇ ಅಂಟಿಕೊಂಡಿತ್ತು. ಆಟವೇ ಇಬ್ಬರಿಗೂ ಅನ್ನ. ಇಂದು ಸೆಮಿಫೈನಲ್‌ನಲ್ಲಿ ಗೆಲ್ಲಬೇಕಾದ ಆಟವನ್ನು ಕೈಯಾರೆ ಕಳೆದುಕೊಂಡಿದ್ದರು.

“ನಿಂದು,” ಎಂದ ಬಿದಿರು, ನೆಲ ನೋಡುತ್ತ.

“ಅದಕ್ಕೆ ಮುಂಚಿಂದು?”

“ಅದೂ ನಿಂದೇ.”

“ನನ್ನ ಮೂಗಿನ ಮುಂದೆ ಬಂದಿದ್ದಕ್ಕೆ ನೀನು ಹಿಂದಿನಿಂದ ಹಾರಿ ಬರ್ತೀಯ. ರಾಕೆಟ್ಟಿಗೆ ರಾಕೆಟ್ಟು ಬಡಿಯುತ್ತೆ. ಅವರು ಖಾಲಿ ಜಾಗಕ್ಕೆ ಹೊಡೆದು ನಗ್ತಾರೆ. ನಾನೇನು ಅಂಗಡಿ ಮುಂದೆ ನಿಲ್ಲಿಸಿರೋ ಬೊಂಬೆನಾ? ಒಂದು ತಿಂಗಳಿಂದ ನೋಡ್ತಾ ಇದ್ದೀನಿ. ಬಾಯಿ ಬಿಡು. ಇಲ್ಲಾಂದ್ರೆ ಈಗಲೇ ಮೇಷ್ಟ್ರ ಹತ್ರ ಹೋಗಿ ಬೇರೆ ಜೋಡಿ ಕೇಳ್ತೀನಿ.”

ಸಿಟ್ಟು ನಿಜವಾದಾಗ ಅವಳ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಈಗ ಅದು ಮೇಲೇರಿತ್ತು. ಬೇರೆ ಜೋಡಿ ಎಂದರೆ ಬೇರೆ ಪಂದ್ಯ, ಬೇರೆ ಬಸ್ಸು; ಮುಂಜಾನೆ ನೆಟ್ ಕಟ್ಟುವಾಗಿನ ಅವಳ ಆಕಳಿಕೆಯೂ ಇನ್ನೊಬ್ಬನ ಪಾಲು. ನೆನೆದೊಡನೆ ಅವನ ಎದೆ ಬರಿದಾಯಿತು.

“ನಿಮ್ಮಮ್ಮ ಹೇಳಿದ್ರು.”

“ಏನಂತ?”

ಕಳೆದ ತಿಂಗಳು ಗೇಟಿನ ಬಳಿ ಅವಳ ತಾಯಿ ಅವನನ್ನು ತಡೆದು, ದನಿ ತಗ್ಗಿಸಿ ಹೇಳಿದ್ದರು. ಆರನೆಯ ವಯಸ್ಸಿನಲ್ಲಿ ಮಗಳಿಗೆ ರಕ್ತದ ಕ್ಯಾನ್ಸರ್ ಆಗಿತ್ತು. ವೈದ್ಯರೇ ಕೈಚೆಲ್ಲಿದ್ದ ಮಗು, ದೇವರು ದೊಡ್ಡವನು, ಎದ್ದು ಕೂತಿತು. “ನಾನು ಹೇಳಿದೆ ಅನ್ಬೇಡಪ್ಪ. ಜೋಪಾನವಾಗಿ ನೋಡ್ಕೋ,” ಎಂದಿದ್ದರು. ಅವನು ಮಾತು ಕೊಟ್ಟಿದ್ದ. ಅಂದಿನಿಂದ ಅಂಕಣದಲ್ಲಿ ಅವಳು ಮುಂದಕ್ಕೆ ಬಾಗಿದರೆ ಅವನಿಗೆ ಕಾಣುತ್ತಿದ್ದುದು ಎಂಥ ಹೊಡೆತಕ್ಕೂ ಅಲುಗದ ಆ ಮಣಿಕಟ್ಟಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಕೂದಲುದುರಿದ ಒಂದು ಕೂಸು. ಕಾಲುಗಳು ತಾವಾಗಿಯೇ ಮುಂದಕ್ಕೆ ಓಡುತ್ತಿದ್ದವು.

ಅಷ್ಟನ್ನೂ ತಡವರಿಸುತ್ತ ಹೇಳಿ ಮುಗಿಸಿದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವಳು ಬೈಯಲಿಲ್ಲ.

“ಅಂದ್ರೆ ಒಂದು ತಿಂಗಳು ನೀನು ಆಡಿದ್ದು ನನ್ನ ಜೊತೆ ಅಲ್ಲ,” ಎಂದಳು ಮೆಲ್ಲಗೆ. “ಆ ಮಗು ಜೊತೆ.”

ಬಿದಿರಿನ ಕಿವಿ ಬಿಸಿಯಾಯಿತು. ನೆಲ ಬಾಯ್ದೆರೆಯಬಾರದೇ ಎನ್ನಿಸಿತು. ಆದರೆ ಅವನನ್ನು ಒಳಗೊಳಗೇ ತಿನ್ನುತ್ತಿದ್ದ ನಾಚಿಕೆ ಬೇರೆಯೇ ಒಂದಿತ್ತು. ಅದನ್ನೂ ಹೇಳದಿದ್ದರೆ ತಾನು ಮನುಷ್ಯನಲ್ಲ ಎಂದುಕೊಂಡ.

“ಗುಬ್ಬಿ, ನನಗೂ ಚಿಕ್ಕಂದಿನಲ್ಲಿ ಸೊಂಟದ ಮೂಳೆ ಸವೆಯೋ ಕಾಯಿಲೆ ಇತ್ತು. ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿದ್ರು. ಎಲ್ಲಿಗೆ ಹೋದ್ರೂ ಚಿಕ್ಕಮ್ಮನ ಸೊಂಟದ ಮೇಲೆ. ಎಡಗಾಲು ಇವತ್ತಿಗೂ ಒಂಚೂರು ಗಿಡ್ಡ. ಷೂ ಒಳಗೆ ದಪ್ಪ ಅಟ್ಟೆ ಹಾಕ್ಕೊಂಡು ಆಡ್ತೀನಿ. ಯಾರಾದ್ರೂ ‘ಅಯ್ಯೋ’ ಅಂದುಬಿಡ್ತಾರೆ ಅಂತ ಯಾರಿಗೂ ಹೇಳಿಲ್ಲ. ನನಗೆ ಯಾವುದು ವಿಷವಾಗಿತ್ತೋ ಅದನ್ನೇ ನಿನಗೆ ಬಡಿಸಿದೆ.”

“ಗೊತ್ತು.”

“ಏನು ಗೊತ್ತು?”

“ನಿನ್ನ ಕಾಲು. ಮೊದಲನೇ ವಾರದಿಂದ ಗೊತ್ತು. ನೆಟ್ ಹತ್ರ ನಿಂತವಳಿಗೆ ಬೆನ್ನಲ್ಲೇ ಕಿವಿ ಇರ್ಬೇಕು ಕಣೋ. ಹಿಂದಿನವನು ಎಲ್ಲಿದ್ದಾನೆ ಅಂತ ಹೆಜ್ಜೆ ಸದ್ದಿನಲ್ಲೇ ತಿಳಿಬೇಕು. ನಿನ್ನ ಒಂದು ಹೆಜ್ಜೆ ಭಾರ, ಒಂದು ಹಗುರ.” ಅವಳು ಅವನ ಮುಖವನ್ನು ನೇರವಾಗಿ ನೋಡಿದಳು. “ಗೊತ್ತಿದ್ದೂ ನಿನ್ನ ಒಂದು ಷಟಲ್ಲಾದ್ರೂ ನಾನು ತಗೊಂಡಿದ್ದೀನಾ?”

ಇಲ್ಲ. ಒಂದನ್ನೂ ಇಲ್ಲ. ಅವನು ಮುಗ್ಗರಿಸಿದ ದಿನವೂ ಅವಳು ತಿರುಗಿ ನೋಡದೆ, “ಏಳೋ ಬಿದಿರು, ಮಲಗೋಕೆ ಮನೆ ಇದೆ” ಎಂದಷ್ಟೇ ಕೂಗಿದ್ದಳು. ಅದು ಎಂಥ ಗೌರವವಾಗಿತ್ತು ಎಂಬುದು ಅವನಿಗೆ ಈಗ ತಿಳಿಯಿತು. ಕಣ್ಣು ತುಂಬಿತು.

“ತಪ್ಪಾಯ್ತು,” ಎಂದ. “ನಿನ್ನನ್ನ ಕಳ್ಕೋತೀನಿ ಅನ್ನೋ ಭಯ. ನಿನ್ನ ಮೇಲೆ ನನಗೆ... ಪ್ರೀತಿ.”

“ಯಾವಾಗಿಂದ? ಅಮ್ಮ ಹೇಳೋಕೆ ಮುಂಚೆನೋ, ಆಮೇಲೋ?” ಅವಳ ದನಿ ಮೊದಲ ಸಲ ನಡುಗಿತು. “ಆಮೇಲೆ ಅನ್ನೋದಾದ್ರೆ ಬಾಗಿಲು ಆ ಕಡೆ ಇದೆ.”

“ಮುಂಚೆ. ಹಿಂದೊಂದು ಪಂದ್ಯದಲ್ಲಿ ಅಂಪೈರು ನಮಗೆ ಕೊಟ್ಟ ಪಾಯಿಂಟನ್ನ ಬೇಡ, ಅದು ಅವರದ್ದು ಅಂತ ಜಗಳ ಆಡಿ ವಾಪಸ್ ಕೊಡಿಸಿದೆಯಲ್ಲ? ಗೆಲ್ಲೋ ಆಟ ಸೋತ್ವಿ. ನಿನ್ನ ಮೇಲೆ ಎಂಥ ಸಿಟ್ಟು ಬಂತು ಅಂದ್ರೆ, ಬಸ್ಸಿನುದ್ದಕ್ಕೂ ಮನಸ್ಸಲ್ಲೇ ಬೈತಾ ಕೂತೆ. ಮನೆ ಬರೋ ಹೊತ್ತಿಗೆ ಬೈಗುಳ ಖಾಲಿಯಾಗಿತ್ತು. ನೀನು ಮಾತ್ರ ಹೋಗಿರಲಿಲ್ಲ.”

ಮೇಲೇರಿದ್ದ ಹುಬ್ಬು ನಿಧಾನವಾಗಿ ಇಳಿಯಿತು. ತುಟಿಯ ಮೂಲೆಯಲ್ಲಿ ನಗು ಇಣುಕಿ, ಅಡಗಿ, ಮತ್ತೆ ಇಣುಕಿತು.

“ಬೈಕೊಂಡು ಹುಟ್ಟಿದ್ದಾ? ಹಾಗಾದ್ರೆ ನಂಬಬಹುದು. ಅಯ್ಯೋ ಅನ್ನೋರು ಬೈಯಲ್ಲ.” ಮರುಕ್ಷಣವೇ ಗಂಭೀರಳಾದಳು. “ಅಮ್ಮ ಹೊರಗಡೆ ಬೆಂಚಿನ ಮೇಲೆ ಕೂತಿದ್ದಾಳೆ. ಕೊಟ್ಟ ಮಾತು ವಾಪಸ್ ತಗೊಂಡು ಬಾ.”

“ಈಗಲೇ?”

“ಇಲ್ಲ, ಮುಂದಿನ ಜನ್ಮದಲ್ಲಿ!”

ತಾಯಿ ಮಗಳ ರಾಕೆಟ್ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಬಿದಿರು ಎದುರಿಗೆ ನಿಂತು, ತಪ್ಪು ಮಾಡಿದ ಹುಡುಗನಂತೆ ಕೈಕಟ್ಟಿದ.

“ಅಮ್ಮಾ, ನೀವು ಕೇಳಿದ್ದು ನನ್ನ ಕೈಲಿ ಆಗಲ್ಲ. ಇವಳನ್ನ ಜೋಪಾನ ಮಾಡೋಕೆ ಹೋಗಿ ಸೋಲಿಸಿಬಿಟ್ಟೆ. ನೀವು ಒಪ್ಪಿದ್ರೆ, ಜೊತೆಗಿರ್ತೀನಿ. ಅಷ್ಟೇ ನನ್ನಿಂದ ಆಗೋದು.”

ತಾಯಿ ಅವನನ್ನೂ, ಅವನ ಹಿಂದೆ ಬಂದು ನಿಂತ ಮಗಳನ್ನೂ ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ನನ್ನ ಕಣ್ಣಿಗೆ ಇನ್ನೂ ಆರು ವರ್ಷದವಳೇ ಕಣಪ್ಪ. ನನ್ನ ಭಯಾನ ನಿನ್ನ ತಲೆ ಮೇಲೆ ಹೊರಿಸಿದೆ,” ಎಂದರು. ಮಡಿಲಿನ ಚೀಲವನ್ನು ಎತ್ತಿ ಮಗಳತ್ತ ಚಾಚಿದರು. “ತಗೋಮ್ಮ. ಇನ್ನು ನೀನೇ ಹೊತ್ಕೋ.”

ಬಿದಿರಿನ ಕೈ ತಾನಾಗಿ ಮುಂದೆ ಹೋಯಿತು. ಅರ್ಧದಲ್ಲೇ ನಾಚಿ, ಅದನ್ನು ಜೇಬಿಗೆ ತುರುಕಿಕೊಂಡ.

ಗುಬ್ಬಿ ಚೀಲವನ್ನು ಹೆಗಲಿಗೇರಿಸಿದಳು. ಆಮೇಲೆ ತಾಯಿಯ ಎದುರಿಗೇ ಅವನ ಜೇಬಿನಿಂದ ಆ ಕೈಯನ್ನು ಹೊರಗೆಳೆದು ಹಿಡಿದುಕೊಂಡಳು.

“ಚೀಲಕ್ಕೆ ಒಂದು ಕೈ ಸಾಕು ಕಣೋ. ಇನ್ನೊಂದು ಖಾಲಿ ಇದೆ.”